ಪಚಿಸ್ಲೋ ಮಾದರಿಯ ಟೋಕನ್ ಯಂತ್ರ: ಅದೃಷ್ಟ ಎಷ್ಟು, ಕೈಚಳಕ ಎಷ್ಟು ಇಡಬೇಕು?

ರೀಲು21 (ಪ್ರಶ್ನೆ)

ಜಪಾನಿನ ಪಚಿಸ್ಲೋ (ಬಟನ್ ಒತ್ತಿ ರೀಲು ನಿಲ್ಲಿಸುವ ಸ್ಲಾಟ್ ಯಂತ್ರ) ನೋಡಿಕೊಂಡು ಮೂರು ರೀಲಿನ ಯಂತ್ರ ವಿನ್ಯಾಸ ಮಾಡುತ್ತಿದ್ದೇನೆ. ಲಿವರ್ ಎಳೆದರೆ ಮೂರೂ ರೀಲು ತಿರುಗುತ್ತವೆ. ಪ್ರತಿ ರೀಲಿಗೂ ಒಂದು ಸ್ಟಾಪ್ ಬಟನ್, ಯಾವುದನ್ನು ಯಾವಾಗ ನಿಲ್ಲಿಸಬೇಕು ಅನ್ನೋದು ಆಡುವವರ ಕೈಲಿ. ರೀಲಿಗೆ 21 ಚಿತ್ರ, ನಡುವಿನ ಒಂದೇ ಗೆರೆ, ಆಟಕ್ಕೆ 3 ಟೋಕನ್.

ಈಗ ಬರೆದಿಟ್ಟ ಪಟ್ಟಿ ಹೀಗಿದೆ. ಲಿವರ್ ಎಳೆದಾಗ 0ಯಿಂದ 65535ರವರೆಗಿನ ಒಂದು ಸಂಖ್ಯೆ ಎತ್ತುವುದು. ಮರುಆಟ 1/8, ಅಂದರೆ ಹಾಕಿದ 3 ಟೋಕನ್ ಮುಂದಿನ ಆಟಕ್ಕೆ ಹಾಗೇ ಉಳಿಯುತ್ತದೆ. ಗಂಟೆ 1/8, 9 ಟೋಕನ್. ಕಲ್ಲಂಗಡಿ 1/64, 10 ಟೋಕನ್. ಎಡ ರೀಲಿನ ಚೆರ್ರಿ 1/32, 4 ಟೋಕನ್. ಮೂರು ಏಳು, ಅಂದರೆ ಬೋನಸ್, 1/256. ಬೋನಸ್ ಆಟಗಳಿಗೆ ಹಾಕಿದ್ದನ್ನು ಕಳೆದು 280 ಟೋಕನ್ ಕೈಗೆ ಬರಬೇಕು. ಏಳು ಪ್ರತಿ ರೀಲಿನಲ್ಲೂ ಒಂದೇ ಕಡೆ ಇದೆ.

ನೋಡದೆ ಒತ್ತುವವರಿಗೂ ನೂರಕ್ಕೆ 85ಕ್ಕಿಂತ ಹೆಚ್ಚು ವಾಪಸ್ ಬರಬೇಕು, ಚೆನ್ನಾಗಿ ಪಳಗಿದವರು ಯಂತ್ರವನ್ನು ಖಾಲಿ ಮಾಡಬಾರದು. ಈ ಪಟ್ಟಿಯಿಂದ ಅದು ಸಾಧ್ಯವಾ? ಬಟನ್ ಒತ್ತಿದ ಕ್ಷಣದಲ್ಲೇ ರೀಲು ನಿಲ್ಲಬೇಕಾ? ಕಾಯಿನ್ ಅಕ್ಸೆಪ್ಟರ್‌ಗೆ (ನಾಣ್ಯ ಗುರುತಿಸಿ ಒಳಗೆ ಬಿಡುವ ಭಾಗ) ನಿಜವಾದ 5 ರೂಪಾಯಿ ನಾಣ್ಯ ಬಳಸಬಹುದಾ? ಮೊದಲು ಕಾಲೇಜಿನ ಪ್ರದರ್ಶನಕ್ಕೆ ಉಚಿತ ಟೋಕನ್‌ನಲ್ಲಿ ಇಡುವುದು, ಆಮೇಲೆ ಮಾಲ್‌ನ ಗೇಮ್ ಝೋನ್‌ನಲ್ಲಿ ದುಡ್ಡಿಗೆ ಟೋಕನ್ ಕೊಟ್ಟು ಗೆದ್ದವರಿಗೆ ಉಡುಗೊರೆ ಕೊಡುವುದು ಅಂತ ಯೋಚನೆ.

ಫರ್ಮ್‌ವೇರ್ ಪಡಸಾಲೆ

ಮೊದಲು ಎರಡನೇ ಪ್ರಶ್ನೆ ತಗೋತೀನಿ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಒತ್ತಿದ ಕ್ಷಣದಲ್ಲೇ ರೀಲು ನಿಂತರೆ ನಿಮ್ಮ 1/256ಕ್ಕೆ ಅರ್ಥವೇ ಇರುವುದಿಲ್ಲ. ಕಣ್ಣು ಚುರುಕಾಗಿರುವವರು ಪ್ರತಿ ಆಟದಲ್ಲೂ ಮೂರು ಏಳು ಕೂರಿಸಿಬಿಡುತ್ತಾರೆ. ಪಚಿಸ್ಲೋದಲ್ಲಿ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಲಿವರ್ ಎಳೆದಾಗ ಎತ್ತಿದ ಸಂಖ್ಯೆ ಈ ಆಟದಲ್ಲಿ ಯಾವ ಗೆಲುವಿಗೆ ಅನುಮತಿ ಇದೆ ಎಂದು ಹೇಳುತ್ತದೆ. ಅದಕ್ಕೆ ಫ್ಲ್ಯಾಗ್ ಅನ್ನೋಣ. ಆ ಗೆಲುವನ್ನು ತೆಗೆದುಕೊಳ್ಳುವುದೋ ಕಳೆದುಕೊಳ್ಳುವುದೋ ಬಟನ್ ಒತ್ತುವ ಕೈಗೆ ಬಿಟ್ಟದ್ದು. ಫ್ಲ್ಯಾಗ್ ಇಲ್ಲದ ಗೆಲುವನ್ನು ಎಂಥ ನಿಪುಣರೂ ಕೂರಿಸಲಾರರು.

ಇದು ಸಾಧ್ಯವಾಗುವುದು ಜಾರುವಿಕೆಯಿಂದ. ಅಲ್ಲಿನ ನಿಯಮದಲ್ಲಿ ರೀಲಿನ ವೇಗ ನಿಮಿಷಕ್ಕೆ 80 ಸುತ್ತು ಮೀರಬಾರದು, ಒತ್ತಿದ ಮೇಲೆ 190 ಮಿಲಿಸೆಕೆಂಡ್ ಒಳಗೆ ರೀಲು ನಿಲ್ಲಬೇಕು. 80 ಸುತ್ತು ಎಂದರೆ ಒಂದು ಸುತ್ತಿಗೆ 0.75 ಸೆಕೆಂಡ್, 21 ಚಿತ್ರ ಇದ್ದರೆ ಚಿತ್ರಕ್ಕೆ 35.7 ಮಿಲಿಸೆಕೆಂಡ್. ಹಾಗಾಗಿ ಒತ್ತಿದಾಗ ಗೆರೆಯ ಮೇಲಿದ್ದ ಚಿತ್ರವೂ ಅದರ ಹಿಂದಿನ ನಾಲ್ಕೂ ಸೇರಿ ಐದರಲ್ಲಿ ಯಾವುದನ್ನಾದರೂ ನಿಮ್ಮ ಪ್ರೋಗ್ರಾಂ ಆರಿಸಿ ನಿಲ್ಲಿಸಬಹುದು. ಫ್ಲ್ಯಾಗ್ ಇದ್ದರೆ ಬೇಕಾದ ಚಿತ್ರವನ್ನು ಎಳೆದು ತರಬೇಕು, ಇಲ್ಲದಿದ್ದರೆ ತಪ್ಪಿಸಿ ಮುಂದೆ ಕಳಿಸಬೇಕು. ಆಡುವವರ ಕೈಗೆ ಇದು ಸಹಜವಾಗಿಯೇ ಇರುತ್ತದೆ, ಜಾರಿದ್ದು ಗೊತ್ತಾಗುವುದೇ ಕಡಿಮೆ.

ಇಲ್ಲಿಂದ ಮುಂದೆ ಕೈಚಳಕದ ಪ್ರಮಾಣವನ್ನು ತೀರ್ಮಾನಿಸುವುದು ರೀಲಿನ ಪಟ್ಟಿ. ಒಂದು ಚಿತ್ರ ಪ್ರತಿ ಐದು ಜಾಗದೊಳಗೆ ಒಮ್ಮೆಯಾದರೂ ಬಂದರೆ ಎಲ್ಲಿ ಒತ್ತಿದರೂ ಸಿಗುತ್ತದೆ, ಅಲ್ಲಿ ಕೈಚಳಕ ಸೊನ್ನೆ. 21 ಜಾಗಕ್ಕೆ ಅಂಥದ್ದು ಕನಿಷ್ಠ 5 ಬೇಕು. ಗಂಟೆ ಮತ್ತು ಮರುಆಟ ಎರಡನ್ನೂ ಹಾಗೇ ಇಡಿ. ಜಾಗಗಳನ್ನು 0ಯಿಂದ 20ರವರೆಗೆ ಎಣಿಸಿದರೆ ಗಂಟೆ 0, 4, 8, 12, 16ರಲ್ಲಿ. ಮರುಆಟ 2, 6, 10, 14, 18ರಲ್ಲಿ. ಕಲ್ಲಂಗಡಿ 5 ಮತ್ತು 15, ಚೆರ್ರಿ 9 ಮತ್ತು 19. ಕಲ್ಲಂಗಡಿ ಎರಡೇ ಕಡೆ ಇರುವುದರಿಂದ 21ರಲ್ಲಿ 10 ಜಾಗದಲ್ಲಿ ಒತ್ತಿದರೆ ಮಾತ್ರ ಸಿಗುತ್ತದೆ. ನೋಡದೆ ಒತ್ತುವವರಿಗೆ ಮೂರೂ ರೀಲಿನಲ್ಲಿ ಕೂರುವ ಸಾಧ್ಯತೆ 10/21ರ ಘನ, 0.108. ಚೆರ್ರಿ ಎಡ ರೀಲಿನದು ಮಾತ್ರವಾದ್ದರಿಂದ 0.476.

ಈಗ ನಿಮ್ಮ ಪಟ್ಟಿಯ ಲೆಕ್ಕ, ಒಂದು ಆಟಕ್ಕೆ ಸರಾಸರಿ ಟೋಕನ್‌ಗಳಲ್ಲಿ: ಮರುಆಟ 0.375, ಗಂಟೆ 1.125, ಬೋನಸ್ 1.094. ಈ ಮೂರು ಸೇರಿ 2.594. ಕೈಚಳಕದ ಪಾಲು ಕಲ್ಲಂಗಡಿ 0.156, ಚೆರ್ರಿ 0.125. ಎಲ್ಲವನ್ನೂ ಹಿಡಿಯುವವರಿಗೆ 2.875, ಅಂದರೆ ಹಾಕಿದ 3ಕ್ಕೆ ಶೇ. 95.8. ನೋಡದೆ ಒತ್ತುವವರಿಗೆ 2.670, ಶೇ. 89.0. ಬೋನಸ್ ಬಂದ ಆಟದಲ್ಲೇ ಕೂತಿತು ಎಂದು ಹಿಡಿದ ಲೆಕ್ಕ ಇದು. ಬೋನಸ್ ಫ್ಲ್ಯಾಗ್ ಮಾತ್ರ ತಪ್ಪಿದರೂ ಉಳಿಯುತ್ತದೆ, ಅದು ಬಂದ ಮೇಲೆ ಏಳು ಕೂರುವ ತನಕ ಹೋಗುವ ಆಟಗಳನ್ನು ಬೇರೆಯಾಗಿ ಹಾಕಬೇಕು.

ಪಟ್ಟಿ ಸಿದ್ಧವಾದ ಮೇಲೆ ಯಂತ್ರಕ್ಕೆ ಹಾಕುವ ಮುಂಚೆ ಕಂಪ್ಯೂಟರ್‌ನಲ್ಲಿ ಪೂರ್ತಿ ಸುತ್ತಿಸಿ ನೋಡಿ. ಒತ್ತುವ ಜಾಗ 21×21×21 = 9,261. ರೀಲು ನಿಲ್ಲಿಸುವ ಕ್ರಮ 6. ಫ್ಲ್ಯಾಗ್, ಏನೂ ಇಲ್ಲದ್ದೂ ಸೇರಿ, 6. ಒಟ್ಟು 3,33,396 ಸಂದರ್ಭ, ಕ್ಷಣದಲ್ಲಿ ಮುಗಿಯುತ್ತದೆ. ಎರಡು ವಿಷಯ ಪರೀಕ್ಷಿಸಿ: ಫ್ಲ್ಯಾಗ್ ಇಲ್ಲದ ಗೆಲುವು ಒಂದಾದರೂ ಗೆರೆಗೆ ಬಂತಾ, ಗಂಟೆ ಮರುಆಟಗಳು ಒಂದಾದರೂ ತಪ್ಪಿದವಾ. ಬಲದಿಂದ ಎಡಕ್ಕೆ ನಿಲ್ಲಿಸುವುದನ್ನು ಬಿಟ್ಟು ಪರೀಕ್ಷಿಸುವವರು ಬಹಳ. ತೊಂದರೆ ಬರುವುದೇ ಆ ಕ್ರಮದಲ್ಲಿ, ಏಕೆಂದರೆ ಎಡ ರೀಲಿನ ಚೆರ್ರಿಯನ್ನು ಕೊನೆಯಲ್ಲಿ ತಪ್ಪಿಸಬೇಕಾಗುತ್ತದೆ.

ಸರಾಸರಿ ಮೇಷ್ಟ್ರು

ಮೇಲಿನವರು ಬೇರೆಯಾಗಿ ಹಾಕಬೇಕು ಅಂದ ಆ ಆಟಗಳಲ್ಲೇ ಈ ವಿನ್ಯಾಸದ ದೊಡ್ಡ ಹೊಂಡ ಇದೆ. ಏಳು ರೀಲಿಗೆ ಒಂದೇ ಕಡೆ ಇದ್ದರೆ ನೋಡದೆ ಒತ್ತುವವರಿಗೆ ಮೂರೂ ಕೂರುವ ಸಾಧ್ಯತೆ 5/21ರ ಘನ, 0.0135. ಅಂದರೆ ಸರಾಸರಿ 74 ಪ್ರಯತ್ನ. ಅದೂ ಬೇರೆ ಯಾವ ಫ್ಲ್ಯಾಗೂ ಇಲ್ಲದ ಆಟಗಳಲ್ಲಿ ಮಾತ್ರ. ಗಂಟೆ, ಮರುಆಟ, ಕಲ್ಲಂಗಡಿ, ಚೆರ್ರಿಗೆ ಮೊದಲ ಆದ್ಯತೆ ಕೊಟ್ಟರೆ ಶೇ. 29.7 ಆಟಗಳು ಅವುಗಳ ಪಾಲು. 74ನ್ನು 0.703ರಿಂದ ಭಾಗಿಸಿದರೆ 105 ಆಟ.

ಆ 105 ಆಟದುದ್ದಕ್ಕೂ ಬೋನಸ್ ಫ್ಲ್ಯಾಗ್ ಹಾಗೇ ಕೂತಿರುತ್ತದೆ, ಹೊಸ ಬೋನಸ್ ಬರುವಂತಿಲ್ಲ. ಆಟಕ್ಕೆ 3 ಹಾಕಿ 1.576 ಪಡೆಯುತ್ತಾ ಹೋಗುತ್ತಾರೆ. ಪೂರ್ತಿ ಚಕ್ರದ ಲೆಕ್ಕ: ಬೋನಸ್ ಬರಲು 256 ಆಟ, ಕೂರಿಸಲು ಇನ್ನೂ ನೂರರ ಮೇಲೆ, ಒಟ್ಟು ಸುಮಾರು 360. ಹಾಕಿದ್ದು 1,080 ಟೋಕನ್. ವಾಪಸ್ ಬಂದದ್ದು 567 ಮತ್ತು 280, ಒಟ್ಟು 847. ಶೇ. 78.4. ನಿಮ್ಮ 85ರ ಗೆರೆಯಿಂದ ಬಹಳ ಕೆಳಗೆ. ಪಳಗಿದವರು ಒಂದೆರಡು ಆಟದಲ್ಲೇ ಏಳು ಕೂರಿಸುವುದರಿಂದ ಅವರ 95.8 ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಇಬ್ಬರ ನಡುವೆ 17 ಅಂಶದ ಅಂತರ. ಹೊಸಬರು ಬೋನಸ್ ದೀಪ ನೋಡುತ್ತಲೇ ಟೋಕನ್ ಮುಗಿಸಿಕೊಂಡು ಎದ್ದು ಹೋದರೆ, ಪಕ್ಕದಲ್ಲಿ ಕಾಯುತ್ತಿದ್ದ ಪಳಗಿದವರು ಕೂತು 3 ಟೋಕನ್‌ಗೆ 280 ಎತ್ತಿಕೊಳ್ಳುತ್ತಾರೆ. ಪ್ರದರ್ಶನದಲ್ಲಿ ಇದು ಖಂಡಿತ ನಡೆಯುತ್ತದೆ, ಮತ್ತು ಇದು ಅನ್ಯಾಯ.

ಪರಿಹಾರ ಸುಲಭ. ಏಳನ್ನು 3 ಮತ್ತು 13ನೇ ಜಾಗದಲ್ಲಿ ಎರಡು ಕಡೆ ಇಡಿ. ಮೇಲಿನ ಪಟ್ಟಿಯಲ್ಲಿ ಎರಡೂ ಖಾಲಿ ಇವೆ, ಎರಡರ ಐದು ಜಾಗದ ಕಿಟಕಿಗಳೂ ಒಂದರ ಮೇಲೊಂದು ಬೀಳುವುದಿಲ್ಲ. ಆಗ ಕೂರಿಸಲು ಬೇಕಾದ ಪ್ರಯತ್ನ 9.3, ಬೇರೆ ಫ್ಲ್ಯಾಗ್ ಸೇರಿಸಿದರೆ 13 ಆಟ. ಚಕ್ರ ಸುಮಾರು 268 ಆಟ, ಹಾಕಿದ್ದು 804, ಬಂದದ್ದು 702, ಶೇ. 87.3. ಪಳಗಿದವರಿಗೆ 95.8ಕ್ಕೆ ಸಮೀಪ. ಎಂಟೂವರೆ ಅಂಶದ ಈ ಅಂತರ ಕಲಿಯುವ ಆಸೆ ಹುಟ್ಟಿಸಲು ಸಾಕು, ಹೊಸಬರನ್ನು ಸುಲಿಯುವುದೂ ಇಲ್ಲ. ಉಳಿದ 1, 7, 11, 17, 20ನೇ ಜಾಗಗಳಿಗೆ ಗೆಲುವಿಲ್ಲದ ಚಿತ್ರ ಹಾಕಿ.

ಏರಿಳಿತವನ್ನೂ ಲೆಕ್ಕ ಹಾಕಿಟ್ಟುಕೊಳ್ಳಿ. 280ರ ಬೋನಸ್ ಒಂದೇ ಸಾಕು, ಆಟಕ್ಕೆ ಪ್ರಮಾಣ ವಿಚಲನೆ ಸುಮಾರು 17.6 ಟೋಕನ್ ಆಗುತ್ತದೆ. ಹತ್ತು ಸಾವಿರ ಆಟಕ್ಕೆ, ಅಂದರೆ ಸುಮಾರು ಒಂದು ದಿನದ ಆಟಕ್ಕೆ, 1,760. ಅಷ್ಟು ಆಟದಲ್ಲಿ ಹಾಕಿದ್ದು 30,000, ಪಳಗಿದವರೇ ಆಡಿದರೆ ಯಂತ್ರಕ್ಕೆ ಉಳಿಯಬೇಕಾದದ್ದು 1,250. ಉಳಿಕೆಗಿಂತ ಏರಿಳಿತ ದೊಡ್ಡದು, ಹೆಚ್ಚು ಕಡಿಮೆ ನಾಲ್ಕು ದಿನಕ್ಕೊಮ್ಮೆ ಯಂತ್ರ ಸೋಲುತ್ತದೆ. ಹಾಪರ್‌ನಲ್ಲೂ (ಟೋಕನ್ ಎಣಿಸಿ ಹೊರಗೆ ಕೊಡುವ ಡಬ್ಬ) ಮೀಸಲು ಡಬ್ಬದಲ್ಲೂ ಸೇರಿ 4,000 ಟೋಕನ್ ಇರಲಿ. ಇನ್ನೊಂದು ಮಾತು. ಹತ್ತು ಸಾವಿರ ಆಟ ಆಡಿಸಿ ವಾಪಸಾತಿ ಅಳೆದರೆ 84 ಬಂದರೂ 107 ಬಂದರೂ ಆಶ್ಚರ್ಯವಿಲ್ಲ. ನಿಜವಾದ ಯಂತ್ರದಲ್ಲಿ ಟೋಕನ್ ಎಣಿಸುವ ಬದಲು ಯಾವ ಫ್ಲ್ಯಾಗ್ ಎಷ್ಟು ಸಲ ಬಂತು ಅಂತ ಎಣಿಸಿ ಪಟ್ಟಿಗೆ ಹೋಲಿಸಿ. ವಾಪಸಾತಿಯ ಪರೀಕ್ಷೆಯನ್ನು ಹತ್ತು ಲಕ್ಷ ಆಟದ ಸಿಮ್ಯುಲೇಶನ್‌ಗೆ ಬಿಡಿ, ಅಲ್ಲಿ ವಿಚಲನೆ ಶೇ. 0.6ಕ್ಕೆ ಇಳಿಯುತ್ತದೆ.

ಗೇರು ಗಿರಣಿ

ಯಂತ್ರಭಾಗದ ಬಗ್ಗೆ. ಸಾಮಾನ್ಯವಾಗಿ ಸಿಗುವ 200 ಸ್ಟೆಪ್ಪಿನ ಮೋಟರ್ ತಂದು 16 ಮೈಕ್ರೋಸ್ಟೆಪ್ ಇಟ್ಟರೆ, ಅಂದರೆ ಒಂದೊಂದು ಸ್ಟೆಪ್ಪನ್ನೂ 16 ಭಾಗ ಮಾಡಿದರೆ, ಸುತ್ತಿಗೆ 3,200 ಸ್ಟೆಪ್. ಇದನ್ನು 21ರಿಂದ ಭಾಗಿಸಿದರೆ 152.38. ಪ್ರೋಗ್ರಾಂನಲ್ಲಿ 'ಚಿತ್ರಕ್ಕೆ 152 ಸ್ಟೆಪ್' ಅಂತ ಬರೆದು ಕೂಡಿಸುತ್ತಾ ಹೋದರೆ ಸುತ್ತಿಗೆ 8 ಸ್ಟೆಪ್ ಕಡಿಮೆ ಬೀಳುತ್ತದೆ. 234 ಮಿ.ಮೀ. ವ್ಯಾಸದ ಡ್ರಮ್ಮಿನಲ್ಲಿ ಅದು 1.8 ಮಿ.ಮೀ. ಹತ್ತು ಸುತ್ತಿಗೆ 18 ಮಿ.ಮೀ., ಅಂದರೆ ಅರ್ಧ ಚಿತ್ರ. ಆಡುವವರು ಕಣ್ಣಾರೆ ಕಂಡ ಏಳು ಬೇರೆ, ಪ್ರೋಗ್ರಾಂ ನಂಬಿದ ಏಳು ಬೇರೆ ಆಗುತ್ತದೆ. ಜಪಾನಿನ ರೀಲು ಮೋಟರ್‌ಗಳನ್ನು ಸುತ್ತಿಗೆ 504 ಸ್ಟೆಪ್ ಬರುವ ಹಾಗೆ ಮಾಡಿರುವುದು ಇದಕ್ಕೇ: 504ನ್ನು 21 ಶೇಷವಿಲ್ಲದೆ ಭಾಗಿಸುತ್ತದೆ, ಚಿತ್ರಕ್ಕೆ 24. ನಿಮ್ಮಲ್ಲಿ ಅದು ಸಿಗದಿದ್ದರೆ 21 ಜಾಗಗಳ ಪಟ್ಟಿ ಬರೆಯಿರಿ, ಪ್ರತಿ ಜಾಗವನ್ನೂ ಸುತ್ತಿನ ಆರಂಭದಿಂದಲೇ ಲೆಕ್ಕ ಹಾಕಿ ಪೂರ್ಣಾಂಕ ಮಾಡಿ. ತಪ್ಪು 0.12 ಮಿ.ಮೀ. ಮೀರುವುದಿಲ್ಲ. ಆರಂಭದ ಗುರುತಿಗೆ ಡ್ರಮ್ಮಿನಲ್ಲಿ ಒಂದು ನಾಲಿಗೆ, ಚೌಕಟ್ಟಿನಲ್ಲಿ ಸೀಳು ಇರುವ ಆಪ್ಟಿಕಲ್ ಸೆನ್ಸರ್. ಪ್ರತಿ ಸುತ್ತಿಗೂ ಎಣಿಕೆ ಸರಿಪಡಿಸಿಕೊಳ್ಳಿ, ವ್ಯತ್ಯಾಸ 10 ಸ್ಟೆಪ್ ಮೀರಿದರೆ ದೋಷ ತೋರಿಸಿ ಆಟ ನಿಲ್ಲಿಸಿ.

ಡ್ರಮ್ ಹಗುರ ಇರಲೇಬೇಕು. ತೆಳು ಪ್ಲಾಸ್ಟಿಕ್ ಬಳೆ, ನಾಲ್ಕೈದು ಕಡ್ಡಿ, ಮೇಲೆ ಬೆಳಕು ಹಾಯುವ ಫಿಲ್ಮಿನಲ್ಲಿ ಮುದ್ರಿಸಿದ ಚಿತ್ರ, ಚಿತ್ರಕ್ಕೆ 35 ಮಿ.ಮೀ. ಎತ್ತರ. ಅಕ್ರಿಲಿಕ್ ತಟ್ಟೆ ಕತ್ತರಿಸಿ ಡ್ರಮ್ ಮಾಡಿದರೆ ಜಡತ್ವ ಹೆಚ್ಚಾಗಿ ನಿಲ್ಲಿಸುವಾಗ ಮೋಟರ್ ಸ್ಟೆಪ್ ತಪ್ಪಿಸುತ್ತದೆ. ಒಮ್ಮೆಲೇ 80 ಸುತ್ತಿನಿಂದ ಶುರು ಮಾಡಬೇಡಿ, ವೇಗವನ್ನು ಹಂತ ಹಂತವಾಗಿ ಏರಿಸಿ. ಮೂರೂ ರೀಲು ಪೂರ್ತಿ ವೇಗಕ್ಕೆ ಬಂದು ಆರಂಭದ ಗುರುತು ಸಿಕ್ಕ ಮೇಲಷ್ಟೇ ಬಟನ್ ದೀಪ ಹತ್ತಿಸಿ, ಅಲ್ಲಿಯವರೆಗೆ ಬಟನ್ ಕೆಲಸ ಮಾಡಬಾರದು.

ಹಿಂಬೆಳಕನ್ನು ಯಾರೂ ಯೋಚಿಸುವುದಿಲ್ಲ. ಸೆಕೆಂಡಿಗೆ 28 ಚಿತ್ರ ಹಾದು ಹೋಗುತ್ತಿರುತ್ತವೆ. ಎಲ್‌ಇಡಿಯ ಮಿನುಗು ನಿಧಾನವಾಗಿದ್ದರೆ ಚಿತ್ರಗಳು ನಿಂತ ಹಾಗೆ, ಇಲ್ಲವೇ ಹಿಂದಕ್ಕೆ ಹೋಗುವ ಹಾಗೆ ಕಾಣುತ್ತವೆ. ಕಣ್ಣಿಟ್ಟು ಒತ್ತುವುದೇ ಆಟದ ಜೀವ ಆಗಿರುವಾಗ ಇದು ಕೈಚಳಕವನ್ನು ಕೆಡಿಸುತ್ತದೆ. ಡಿಸಿ ಕೊಡಿ, ಮಬ್ಬು ಮಾಡಲೇಬೇಕಿದ್ದರೆ ಆವರ್ತನ 2 ಕಿಲೋಹರ್ಟ್ಸ್ ಮೇಲಿರಲಿ.

ಇನ್ನು ನಾಣ್ಯ. ನಿಜವಾದ 5 ರೂಪಾಯಿ ಬೇಡ. ಬರಿ ಅಳತೆ ನೋಡುವ ಅಕ್ಸೆಪ್ಟರ್ ಆದರೆ ನೇರ ನಷ್ಟ: 2011ರ ಸರಣಿಯ 2 ರೂಪಾಯಿ 25 ಮಿ.ಮೀ., 2019ರ ಸರಣಿಯ 5 ರೂಪಾಯಿಯೂ 25 ಮಿ.ಮೀ. ಅದೇ ರೀತಿ 2011ರ 5 ರೂಪಾಯಿ 23, 2019ರ 2 ರೂಪಾಯಿಯೂ 23. ಎರಡೂ ಸರಣಿ ಚಲಾವಣೆಯಲ್ಲಿವೆ. 2 ರೂಪಾಯಿಯದು ಸ್ಟೇನ್‌ಲೆಸ್ ಸ್ಟೀಲ್, 5ರದು ನಿಕ್ಕಲ್ ಹಿತ್ತಾಳೆ, ಹಾಗಾಗಿ ಲೋಹವನ್ನೂ ನೋಡುವ ಅಕ್ಸೆಪ್ಟರ್ ಬೇರ್ಪಡಿಸುತ್ತದೆ. ಆದರೂ 5 ರೂಪಾಯಿಯಲ್ಲೇ ಎರಡು ಅಳತೆ ಇರುವುದರಿಂದ ಹಾಪರ್ ತಟ್ಟೆಯ ತೂತಿಗೆ ಹೊಂದುವುದಿಲ್ಲ, 25ರ ತೂತಿನಲ್ಲಿ 23ರ ನಾಣ್ಯ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಒಂದೇ ಅಳತೆಯ ಟೋಕನ್ ಮಾಡಿಸಿ, 5 ರೂಪಾಯಿಯ ಎರಡೂ ಅಳತೆಯಿಂದ ದೂರವಿರುವ ವ್ಯಾಸ ಆರಿಸಿ, ಮಾದರಿ ಟೋಕನ್ ಒಳಗಿಟ್ಟು ಹೋಲಿಸುವ ಅಕ್ಸೆಪ್ಟರ್ ಹಾಕಿ.

ಅಕ್ಸೆಪ್ಟರ್‌ನಿಂದ ಬರುವ ಪಲ್ಸನ್ನು ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಮೂಲಕ ತಗೊಳ್ಳಿ, 20 ಮಿಲಿಸೆಕೆಂಡಿಗಿಂತ ಚಿಕ್ಕದನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ಹಾಪರ್ ಮೋಟರ್ ಶುರುವಾದಾಗಲೆಲ್ಲ ಇಲ್ಲದ ಟೋಕನ್ ಎಣಿಕೆಗೆ ಸೇರುತ್ತದೆ. ಟೋಕನ್‌ಗೆ ದಾರ ಕಟ್ಟಿ ಇಳಿಸಿ ಎಳೆಯುವವರನ್ನು ತಡೆಯಲು ಕೊಳವೆಯಲ್ಲಿ ಮೇಲೊಂದು ಕೆಳಗೊಂದು ಸೆನ್ಸರ್. ಮೇಲಿನದು ಮೊದಲು, ಕೆಳಗಿನದು ಆಮೇಲೆ ಮುಚ್ಚಿ ತೆರೆದರೆ ಮಾತ್ರ ಒಂದು ಟೋಕನ್. ಕೆಳಗಿನದು 100 ಮಿಲಿಸೆಕೆಂಡ್ ಮೀರಿ ಮುಚ್ಚಿದ್ದರೆ ಅಥವಾ ಕ್ರಮ ಉಲ್ಟಾ ಆದರೆ ದೋಷ.

ಹಾಪರ್ ಪಾವತಿಯಲ್ಲಿ ಎರಡು ಸೆಕೆಂಡ್ ಟೋಕನ್ ಬರದಿದ್ದರೆ ಮೋಟರನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ, ಮೂರು ಸಲಕ್ಕೂ ಆಗದಿದ್ದರೆ ನಿಲ್ಲಿಸಿ. ಕೊನೆಯ ಟೋಕನ್ ಕಂಡೊಡನೆ ವಿದ್ಯುತ್ ಕಡಿದರೆ ಸಾಲದು, ಮೋಟರಿನ ಎರಡು ತುದಿ ಕೂಡಿಸಿ ಬ್ರೇಕ್ ಹಾಕಿ. ಇಲ್ಲದಿದ್ದರೆ ಚಕ್ರದ ಓಟಕ್ಕೆ ಇನ್ನೊಂದು ಉದುರುತ್ತದೆ. ಕೊಡಬೇಕಾದ ಬಾಕಿ, ಉಳಿದ ಟೋಕನ್, ಬೋನಸ್ ಫ್ಲ್ಯಾಗ್ ಮೂರನ್ನೂ ಕರೆಂಟ್ ಹೋದರೂ ಉಳಿಯುವ ಮೆಮೊರಿಯಲ್ಲಿ ಪ್ರತಿ ಆಟಕ್ಕೂ ಬರೆಯಬೇಕು. ಇಲ್ಲಿ ಇಇಪ್ರಾಮ್ (ಬರೆದಷ್ಟೂ ಸವೆಯುವ ಮೆಮೊರಿ) ನಡೆಯದು. ಜಪಾನಿನ ನಿಯಮದ ಹಾಗೆ ಆಟದಿಂದ ಆಟಕ್ಕೆ ಕನಿಷ್ಠ 4.1 ಸೆಕೆಂಡ್ ಇಟ್ಟರೂ 12 ಗಂಟೆಗೆ 10,500 ಆಟ ಆಗುತ್ತದೆ. ಒಂದು ಲಕ್ಷ ಬರವಣಿಗೆ ತಾಳುವ ಜಾಗ ಹತ್ತು ದಿನಕ್ಕೆ ಮುಗಿಯಿತು. ಅಷ್ಟು ಬೇಗ ಸವೆಯದ ಎಫ್‌ರ‍್ಯಾಮ್ ಹಾಕಿ.

ರೀಲು21

ತುಂಬಾ ಉಪಕಾರ. ಏಳನ್ನು ಎರಡು ಕಡೆ ಇಡುತ್ತೇನೆ, ನಾಣ್ಯದ ಯೋಚನೆ ಬಿಟ್ಟೆ. ಇನ್ನೆರಡು ಸಂದೇಹ. ದೊಡ್ಡ ಗೆಲುವಿನ ನಂತರ ಸ್ವಲ್ಪ ಹೊತ್ತು ಬೋನಸ್ ಸಾಧ್ಯತೆ ಇಳಿಸಿದರೆ ಹಾಪರ್ ಖಾಲಿಯಾಗುವುದು ತಪ್ಪುತ್ತದಲ್ಲ, ಹಾಗೆ ಮಾಡಬಹುದಾ? ಸಂಖ್ಯೆ ಎತ್ತಲು ಟೈಮರ್ ಕೌಂಟರ್ ಒಂದನ್ನು ಓಡಿಸಿ ಲಿವರ್ ಎಳೆದಾಗ ಓದಿದರೆ ಸಾಕಾ?

ಫರ್ಮ್‌ವೇರ್ ಪಡಸಾಲೆ

ಮೊದಲನೆಯದು ಬೇಡ. ಬ್ರಿಟನ್ನಿನ ಪಬ್‌ಗಳಲ್ಲಿರುವ ಫ್ರೂಟ್ ಮಷೀನ್‌ಗಳಲ್ಲಿ ಈ ಬಗೆ ಉಂಟು, ಹಿಂದಿನ ಆಟಗಳ ಲೆಕ್ಕ ನೋಡಿಕೊಂಡು ಮುಂದಿನದನ್ನು ಬಿಗಿ ಸಡಿಲ ಮಾಡುತ್ತವೆ. ಆದರೆ ಅಲ್ಲಿ ಅದನ್ನು ಯಂತ್ರದ ಮೇಲೇ ಬರೆದಿರಬೇಕು. ಜಪಾನಿನ ಯಂತ್ರದಲ್ಲಿ 1ರಿಂದ 6ರವರೆಗೆ ಸೆಟ್ಟಿಂಗ್ ಇರುತ್ತದೆ, ಬಾಗಿಲು ತೆರೆದು ಕೀಲಿ ತಿರುಗಿಸಿದರೆ ಮಾತ್ರ ಬದಲಾಗುತ್ತದೆ, ಆಟದ ನಡುವೆ ಯಂತ್ರ ತಾನಾಗಿ ಮುಟ್ಟುವುದಿಲ್ಲ. ಕೈಚಳಕಕ್ಕೆ ಬೆಲೆ ಕೊಡುತ್ತೇನೆ ಎಂದು ಹೇಳುವ ಯಂತ್ರ ಒಳಗೊಳಗೇ ಸಾಧ್ಯತೆ ಬದಲಿಸಿದರೆ ಆ ಕೈಚಳಕಕ್ಕೆ ಅರ್ಥ ಉಳಿಯುವುದಿಲ್ಲ. ಜೊತೆಗೆ ಯಾವ ಯಂತ್ರ ಈಗ 'ಸಡಿಲ' ಇದೆ ಅಂತ ಲೆಕ್ಕ ಇಡುವವರು ಹುಟ್ಟಿಕೊಳ್ಳುತ್ತಾರೆ, ಅವರು ಖಾಲಿ ಮಾಡುವುದೇ ಹೆಚ್ಚು. ಹಾಪರ್ ಖಾಲಿಯಾದರೆ ಬಾಕಿ ತೋರಿಸಿ, ತುಂಬಿ, ಕೊಡಿ.

ಎರಡನೆಯದರಲ್ಲಿ ವೇಗವೇ ಮುಖ್ಯ. ಕೌಂಟರ್ 20 ಮೈಕ್ರೋಸೆಕೆಂಡಿಗೊಮ್ಮೆ ಏರಿದರೆ 65,536 ಮುಗಿಯಲು 1.31 ಸೆಕೆಂಡ್. ಬೋನಸ್‌ನ 256 ಸಂಖ್ಯೆಗಳು ಒತ್ತೊತ್ತಾಗಿದ್ದರೆ ಅವು 5 ಮಿಲಿಸೆಕೆಂಡಿನ ಒಂದು ಕಿಟಕಿ, ಪ್ರತಿ 1.31 ಸೆಕೆಂಡಿಗೂ ತಪ್ಪದೆ ಬರುತ್ತದೆ. ಜಪಾನಿನಲ್ಲಿ ತೈಕಾಂಕಿ ಎಂಬ ಪುಟ್ಟ ಸಾಧನ ಮೈಗೆ ಕಟ್ಟಿಕೊಂಡು, ಅದು ಕೊಡುವ ತಾಳಕ್ಕೆ ಲಿವರ್ ಹೊಡೆದು ಇಂಥ ಯಂತ್ರಗಳಿಂದ ಬೋನಸ್ ತೆಗೆದವರಿದ್ದಾರೆ. 8 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ ಸುತ್ತು 8.2 ಮಿಲಿಸೆಕೆಂಡ್, ಕಿಟಕಿ 32 ಮೈಕ್ರೋಸೆಕೆಂಡ್, ಕೈಗೆ ದಕ್ಕುವುದಿಲ್ಲ. ಓದುವುದನ್ನು ಹಾರ್ಡ್‌ವೇರ್ ಕ್ಯಾಪ್ಚರ್‌ನಲ್ಲೇ (ಲಿವರ್ ಎಳೆದ ಕ್ಷಣದ ಎಣಿಕೆಯನ್ನು ಚಿಪ್ಪೇ ಹಿಡಿದಿಡುವ ವ್ಯವಸ್ಥೆ) ಮಾಡಿ. ಮುಖ್ಯ ಲೂಪಿನಲ್ಲಿ ಲಿವರ್ ನೋಡಿದರೆ ಲೂಪಿನ ಅವಧಿ ಕೌಂಟರಿನ ಜೊತೆ ಹೆಜ್ಜೆ ಹಾಕಿ ಕೆಲವು ಸಂಖ್ಯೆಗಳು ಎಂದೂ ಬರುವುದೇ ಇಲ್ಲ. ಇದಕ್ಕಿಂತ ಒಳ್ಳೆಯದು ಚಿಪ್ಪಿನ ಹಾರ್ಡ್‌ವೇರ್ ಯಾದೃಚ್ಛಿಕ ಜನರೇಟರ್. ಇಎಸ್‌ಪಿ32 ಚಿಪ್ ಬಳಸುವುದಾದರೆ ವೈಫೈ ಅಥವಾ ಬ್ಲೂಟೂತ್ ಆನ್ ಇದ್ದಾಗ, ಇಲ್ಲವೇ ಅದರ ಒಳಗಿನ ಎಂಟ್ರೊಪಿ ಮೂಲವನ್ನು ಶುರು ಮಾಡಿದಾಗ ಮಾತ್ರ ಅದು ನಿಜವಾದ ಯಾದೃಚ್ಛಿಕ ಸಂಖ್ಯೆ ಕೊಡುತ್ತದೆ.

ಕಾಯ್ದೆ ಕಟ್ಟೆ

ಮಾಲ್ ವಿಚಾರಕ್ಕೆ ಯಾರೂ ಕೈ ಹಾಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಉಚಿತ ಟೋಕನ್, ಗೆದ್ದರೂ ಟೋಕನ್ನೇ, ಹೊರಗೆ ಅದಕ್ಕೆ ಬೆಲೆಯಿಲ್ಲ ಎಂದಾದರೆ ಪಣವೇ ಇಲ್ಲ, ಪ್ರದರ್ಶನಕ್ಕೆ ತೊಂದರೆಯಿಲ್ಲ. ದುಡ್ಡು ತಗೊಂಡು ಟೋಕನ್ ಕೊಟ್ಟು ಟೋಕನ್‌ಗೆ ಉಡುಗೊರೆ ಕೊಟ್ಟರೆ ವಿಷಯ ಬೇರೆ.

ಕರ್ನಾಟಕ ಪೊಲೀಸ್ ಕಾಯ್ದೆ, 1963ರ 79 ಮತ್ತು 80ನೇ ಸೆಕ್ಷನ್‌ಗಳು ಜೂಜುಕಟ್ಟೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧ ಎನ್ನುತ್ತವೆ. 176ನೇ ಸೆಕ್ಷನ್ ವಿನಾಯಿತಿ ಕೊಡುವುದು ಶುದ್ಧ ಕೌಶಲ್ಯದ ಆಟಕ್ಕೆ. ಸುಪ್ರೀಂ ಕೋರ್ಟ್ 1968ರಲ್ಲಿ ರಮ್ಮಿಯನ್ನು, 1996ರಲ್ಲಿ ಕುದುರೆ ಪಂದ್ಯವನ್ನು ಕೌಶಲ್ಯದ ಕಡೆಗೆ ಸೇರಿಸಿದ್ದು ಅವುಗಳಲ್ಲಿ ಕೌಶಲ್ಯದ್ದೇ ಮೇಲುಗೈ ಎಂಬ ಕಾರಣಕ್ಕೆ. ನಿಮ್ಮ ಯಂತ್ರವನ್ನು ಆ ಅಳತೆಗೆ ಹಿಡಿಯಲು ಮೇಷ್ಟ್ರ ಲೆಕ್ಕವೇ ಸಾಕು. ನೋಡದೆ ಒತ್ತಿದವರಿಗೆ 87.3, ನಿಪುಣರಿಗೆ 95.8. ಕೈಚಳಕದ ಪಾಲು ಎಂಟೂವರೆ ಅಂಶ, ಉಳಿದದ್ದೆಲ್ಲ ಲಿವರ್ ಎಳೆದಾಗ ಬಿದ್ದ ಸಂಖ್ಯೆಯದು. ಎಷ್ಟೇ ಪಳಗಿದರೂ ಕೊನೆಗೆ ಯಂತ್ರವೇ ಗೆಲ್ಲುತ್ತದೆ. ಇದನ್ನು ಕೌಶಲ್ಯದ ಆಟ ಎಂದು ವಾದಿಸಲು ಬರುವುದಿಲ್ಲ.

ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರ್‌ಗಳು ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದವು, ಎಂ.ಜೆ. ಶಿವಾನಿ ಪ್ರಕರಣ, 1995. ಅಲ್ಲಿ ಕೋರ್ಟು ಲೈಸೆನ್ಸ್ ಪದ್ಧತಿಯನ್ನು ಎತ್ತಿಹಿಡಿಯಿತು. ಯಂತ್ರದ ಹೆಸರಿಗಿಂತ ಅದು ನಿಜಕ್ಕೂ ಹೇಗೆ ನಡೆಯುತ್ತದೆ ಎಂಬುದು ಮುಖ್ಯ. ಅದಕ್ಕೇ ಮೇಲೆ ಕೇಳಿದ 'ಗೆಲುವಿನ ನಂತರ ಸಾಧ್ಯತೆ ಇಳಿಸುವ' ಯೋಚನೆ ಕಾನೂನಿನ ಕಡೆಯಿಂದಲೂ ಅಪಾಯ.

ಕೌಶಲ್ಯ ಎಂದು ತೋರಿಸುವುದು ಹೇಗೆ ಅನ್ನುವುದಕ್ಕೆ ನ್ಯೂಯಾರ್ಕಿನ ಪಿನ್‌ಬಾಲ್ ಒಳ್ಳೆಯ ಉದಾಹರಣೆ. 1942ರಿಂದ ಅಲ್ಲಿ ನಿಷೇಧವಿತ್ತು. 1976ರಲ್ಲಿ ನಗರ ಸಮಿತಿಯ ಎದುರು ರೋಜರ್ ಶಾರ್ಪ್ ಚೆಂಡು ಎಲ್ಲಿ ಹೋಗುತ್ತದೆಂದು ಮೊದಲೇ ಹೇಳಿ ಹಾಗೇ ಹೊಡೆದು ತೋರಿಸಿದ ಮೇಲೆ ನಿಷೇಧ ಹೋಯಿತು. ನಿಮ್ಮ ಯಂತ್ರದಲ್ಲಿ ಹಾಗೆ ಮೊದಲೇ ಹೇಳಿ ಏಳು ಕೂರಿಸಲು ಫ್ಲ್ಯಾಗ್ ಬಿಡುವುದಿಲ್ಲ.

ದೇಶದೊಳಗೆ ಇಂಥ ಯಂತ್ರಕ್ಕೆ ಜಾಗ ಇರುವುದು ಗೋವಾದಲ್ಲಿ, 1976ರ ಅಲ್ಲಿನ ಜೂಜು ಕಾಯ್ದೆಯ 13ಎ ಸೆಕ್ಷನ್‌ನಡಿ ಪಂಚತಾರಾ ಹೋಟೆಲುಗಳಲ್ಲಿ, ಅದೂ ಸರ್ಕಾರದ ಅನುಮತಿಯಿಂದ. ಸಿಕ್ಕಿಂನಲ್ಲೂ ಕ್ಯಾಸಿನೊ ಕಾಯ್ದೆ ಇದೆ. ಮೊಬೈಲ್ ಆ್ಯಪ್ ಜೋಡಿಸಿ ದುಡ್ಡು ಹಾಕಿಸುವ ಯೋಚನೆ ಬಂದರೆ ಅದನ್ನೂ ಬಿಡಿ. 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟವನ್ನು ಕೌಶಲ್ಯವೋ ಅದೃಷ್ಟವೋ ಎಂದು ನೋಡದೆ ನಿಷೇಧಿಸಿದೆ.

ಗೇಮ್ ಝೋನ್‌ಗೆ ಹಾಕಲೇಬೇಕಿದ್ದರೆ ಬಹುಮಾನ ತೆಗೆದುಬಿಡಿ. ಟೋಕನ್ ಮುಗಿಯುವ ತನಕ ಆಟ, ಎಷ್ಟು ಕಲ್ಲಂಗಡಿ ಹಿಡಿದಿರಿ, ಎಷ್ಟು ಬಿಟ್ಟಿರಿ ಎಂದು ತೋರಿಸುವ ಅಂಕಪಟ್ಟಿ. ಹಾಪರ್ ಬದಲು ಅಂಕ ತೋರಿಸುವ ಪರದೆ ಬರುತ್ತದೆ. ಆಗಲೂ ಸ್ಥಳೀಯ ಮನರಂಜನಾ ಲೈಸೆನ್ಸ್ ಬೇಕಾ ಎಂದು ವಕೀಲರ ಹತ್ತಿರ ಬರವಣಿಗೆಯಲ್ಲಿ ಕೇಳಿ ತಗೊಂಡೇ ಬಾಡಿಗೆ ಕರಾರಿಗೆ ಸಹಿ ಹಾಕಿ.